‘ಪ್ರಗತಿಯಲ್ಲಿದೆ’, ‘ಬರೆಸಿದ್ದಾರೆ’, ‘ಬಾಗು ಮಾಡಿದ್ದಾರೆ’: ಯುದ್ಧದಲ್ಲಿ ಬಿದ್ದ ಊರನ್ನು ಕಟ್ಟುವ ಸುದ್ದಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ತುಂಬಾ ದಿನದ ಮೇಲೆ ಬರೆಯುತ್ತಿದ್ದೇನೆ. ಒಂದು ಪದ ಕೇಳೋಣ ಅಂತ ಶುರು ಮಾಡಿದೆ, ಬರೆಯುತ್ತಾ ಬರೆಯುತ್ತಾ ಅದು ನಾಲ್ಕೈದಾಯಿತು. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ಕೋಲಾರದಲ್ಲಿ ಒಂದು ಸಣ್ಣ ದಿನಪತ್ರಿಕೆಗೆ ಹೊರದೇಶದ ಸುದ್ದಿಗಳನ್ನು ಕನ್ನಡಕ್ಕೆ ಮಾಡಿಕೊಡುತ್ತೇನೆ. ದಿನಕ್ಕೆ ಏಳೆಂಟು ಸುದ್ದಿ, ಯಾವುದೂ ಎರಡು ಕಾಲಂ ದಾಟುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಇರಾಕಿನ ಮೊಸುಲ್ ಊರಿನಿಂದ ಒಂದು ಸುದ್ದಿ ಬಂತು. ಅಲ್ಲಿನ ಅಲ್-ನೂರಿ ಮಸೀದಿಯನ್ನೂ ಅದರ ಮಿನಾರನ್ನೂ ಮತ್ತೆ ಕಟ್ಟಿ ಮುಗಿಸಿದ್ದಾರೆ, ಪ್ರಧಾನಿ ಬಂದು ತೆರೆದರು ಅಂತ. 45 ಮೀಟರ್ ಎತ್ತರದ ಮಿನಾರ್ ಅದು. 12ನೇ ಶತಮಾನದ್ದು. ನೂರಾರು ವರ್ಷ ಒಂದು ಕಡೆಗೆ ವಾಲಿಕೊಂಡೇ ನಿಂತಿತ್ತು, ಅಲ್ಲಿನ 10,000 ದಿನಾರ್ ನೋಟಿನ ಮೇಲೂ ಅದರ ಚಿತ್ರ ಇದೆ. 2017ರ ಜೂನ್ 21ರಂದು ಐಎಸ್‌ (ಇಸ್ಲಾಮಿಕ್ ಸ್ಟೇಟ್) ಉಗ್ರರು ಸ್ಫೋಟಕ ಇಟ್ಟು ಬೀಳಿಸಿದರು. ಈಗ ಬಿದ್ದ ಇಟ್ಟಿಗೆಗಳಲ್ಲಿ ಚೆನ್ನಾಗಿದ್ದದ್ದನ್ನು ಆಯ್ದು, ಮೊದಲು ಹೇಗೆ ವಾಲಿತ್ತೋ ಹಾಗೇ ವಾಲಿಸಿ ಕಟ್ಟಿದ್ದಾರೆ.

ನಾನು ಕೊಟ್ಟ ಹೆಡಿಂಗ್ ‘ಪುನರ್ನಿರ್ಮಿಸಿದ ಮಿನಾರ್ ಮೊದಲಿನಂತೆ ವಾಲಿದೆ’. ಪುಟ ಕಟ್ಟುವಾಗ ಜಾಗ ಸಾಲದೆ ‘ಮೊದಲಿನಂತೆ’ ಹಾರಿಹೋಯಿತು. ಬೆಳಿಗ್ಗೆ ಏಳೂವರೆಗೆ ಓದುಗರೊಬ್ಬರ ಫೋನು. “ಏನ್ ಸಾರ್, ಬಣ್ಣಾನೇ ಒಣಗಿಲ್ಲ, ಆಗ್ಲೇ ವಾಲ್ಕೊಂಡೈತಾ? ಅಲ್ಲೂ ನಮ್ ಕಂಟ್ರಾಕ್ಟರ್‌ಗಳೇ ಏನು?” ಅಂದರು. ನಗು ಬಂತು, ನಾಚಿಕೆಯೂ ಆಯಿತು.

ಆದರೆ ಅವರದೇನೂ ತಪ್ಪಿಲ್ಲ, ಅಲ್ವಾ? ‘ಪುನರ್ನಿರ್ಮಾಣ’ ಅಂದ ಕೂಡಲೇ ನಮಗೆ ನೆನಪಾಗುವುದು ಕಚೇರಿ, ಬೋರ್ಡು, ಟೆಂಡರ್. ಈ ಪದದ ಬಗ್ಗೆ ಮೊದಲು ಒಂದು ಸಣ್ಣ ಪ್ರಶ್ನೆ. ಪತ್ರಿಕೆಗಳಲ್ಲಿ ‘ಪುನರ್ ನಿರ್ಮಾಣ’ ಅಂತ ಬಿಡಿಸಿ ಬರೆಯುವುದನ್ನು ನೋಡುತ್ತೇನೆ, ‘ಪುನರ್ನಿರ್ಮಾಣ’ ಅಂತ ಕೂಡಿಸಿಯೂ ಬರೆಯುತ್ತಾರೆ. ಕೂಡಿಸಿ ಬರೆದದ್ದೇ ಸರಿ ಅಂತ ನನ್ನ ಲೆಕ್ಕ. ಅದರ ಬದಲು ‘ಮರುನಿರ್ಮಾಣ’ ಬರೆದರೆ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು “ಅದು ಅರಿಸಮಾಸ ಕಣಯ್ಯಾ” ಅಂತ, ಅಂದರೆ ಕನ್ನಡದ ‘ಮರು’ವಿಗೆ ಸಂಸ್ಕೃತದ ‘ನಿರ್ಮಾಣ’ ಕೂಡಿಸಬಾರದು ಅಂತ, ಕೆಂಪು ಇಂಕಿನಲ್ಲಿ ಹೊಡೆದುಹಾಕುತ್ತಾರೆ. ಹಾಗಾದರೆ ಮರುಪರೀಕ್ಷೆ? ಅದನ್ನು ಬರೆಯದೆ ಇಡೀ ರಾಜ್ಯದ ಹುಡುಗರಿಗೆ ಫೇಲಾದ ಸುದ್ದಿ ಹೇಗೆ ಹೇಳುವುದು? ಇರಲಿ, ಇದಕ್ಕೆ ಜಾಸ್ತಿ ಹೊತ್ತು ಕೊಡಬೇಡಿ. ನನ್ನ ತಲೆನೋವು ಬೇರೆ.

ತಲೆನೋವು ‘ಪ್ರಗತಿ’ಯದು. ಮೊಸುಲ್ ಇರಲಿ, ಕಾಬೂಲ್ ಇರಲಿ, ಜಾಫ್ನಾ ಇರಲಿ, ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡ ಮಾಡುವಾಗ ಕೈ ತಾನಾಗಿಯೇ ‘ಪುನರ್ನಿರ್ಮಾಣ ಕಾರ್ಯ ಪ್ರಗತಿಯಲ್ಲಿದೆ’ ಅಂತ ಬರೆದುಬಿಡುತ್ತದೆ. ಈ ‘ಪ್ರಗತಿಯಲ್ಲಿದೆ’ ನಮ್ಮ ಕಡೆ ಯಾವ ಅರ್ಥಕ್ಕೆ ಬಂದು ನಿಂತಿದೆ ಅಂತ ನಿಮಗೆ ಗೊತ್ತೇ ಇದೆ. ಮುಳಬಾಗಿಲು ಕಡೆ ನಮ್ಮೂರ ಕೆರೆ ಏರಿ ಮೇಲೆ ಒಂದು ತಗಡಿನ ಬೋರ್ಡಿತ್ತು, ‘ಕಾಮಗಾರಿ ಪ್ರಗತಿಯಲ್ಲಿದೆ’. ತೂಬು ರಿಪೇರಿ ಮಾಡುತ್ತೇವೆ ಅಂತ ಯಾರೋ ನೆಟ್ಟು ಹೋದದ್ದು. ನಾನು ಹೈಸ್ಕೂಲಿನಲ್ಲಿದ್ದಾಗ ನೆಟ್ಟದ್ದು, ಡಿಗ್ರಿ ಮುಗಿಸಿ ಬಂದಾಗಲೂ ಇತ್ತು. ಅಷ್ಟರಲ್ಲಿ ತುಕ್ಕು ತಿಂದು ‘ಪ್ರ’ ಉದುರಿಹೋಗಿ ‘ಕಾಮಗಾರಿ ಗತಿಯಲ್ಲಿದೆ’ ಅಂತ ಉಳಿದುಕೊಂಡಿತ್ತು. ಕಾಡು ತೊಂಡೆ ಬಳ್ಳಿ ಹಬ್ಬಿ ಎರಡು ಕಾಯಿಯೂ ಬಿಟ್ಟಿತ್ತು. ಪ್ರಗತಿ ಅಂದರೆ ಆ ಬಳ್ಳಿಯದೇ. ಹೀಗಾಗಿ ಕೋಲಾರದ ಓದುಗನಿಗೆ ‘ಪ್ರಗತಿಯಲ್ಲಿದೆ’ ಅಂದರೆ ‘ನಿಂತಿದೆ’ ಅಂತಲೇ ಕೇಳಿಸುತ್ತದೆ. ನಿಜವಾಗಿ ಕೆಲಸ ನಡೆಯುತ್ತಿರುವ ಕಡೆಗೆ ಏನು ಬರೆಯಬೇಕು? ಸುಮ್ನೆ ‘ಕೆಲಸ ನಡೆಯುತ್ತಿದೆ’ ಸಾಕು ಅನ್ನಿಸುತ್ತದೆ ನನಗೆ. ಆದರೆ ಡೆಸ್ಕಿನಲ್ಲಿ ಅದು ‘ಸುದ್ದಿ ಭಾಷೆ’ ಅಲ್ಲವಂತೆ.

ತಮಾಷೆ ನೋಡಿ, ಇರಾಕಿನ ವಿಷಯದಲ್ಲಿ ಈ ಪದ ಇಂಗ್ಲಿಷಿನಲ್ಲೂ ಹೀಗೇ ಕೆಟ್ಟಿತ್ತು. 2003ರಲ್ಲಿ ಅಮೆರಿಕ ನುಗ್ಗಿದ ಮೇಲೆ ಅಲ್ಲಿದ್ದ ಅಮೆರಿಕದ ಅಧಿಕಾರಿಗಳಿಗೆ ಸುದ್ದಿಗಾರರ ಮೇಲೆ ಒಂದೇ ದೂರು, ಬಾಂಬ್ ಸಿಡಿದರೆ ಎಲ್ಲರೂ ಬರೆಯುತ್ತೀರಿ, ಶಾಲೆ ತೆರೆದರೆ, ಕರೆಂಟು ಬಂದರೆ ಯಾರೂ ಬರೆಯುವುದಿಲ್ಲ ಅಂತ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ 2005ರ ಕೊನೆಯಲ್ಲಿ ಇನ್ನೊಂದು ಸಂಗತಿ ಹೊರಗೆ ಬಂತು. ಅಮೆರಿಕದ ಸೇನೆಯವರೇ ಒಳ್ಳೆ ಸುದ್ದಿಗಳನ್ನು ಬರೆದು, ಲಿಂಕನ್ ಗ್ರೂಪ್ ಅನ್ನೋ ಕಂಪನಿ ಮೂಲಕ ಅರಬ್ಬಿಗೆ ಮಾಡಿಸಿ, ಬಾಗ್ದಾದ್ ಪತ್ರಿಕೆಗಳಿಗೆ ದುಡ್ಡು ಕೊಟ್ಟು ಹಾಕಿಸುತ್ತಿದ್ದರು. ಬರೆದವರು ಯಾರು ಅಂತ ಓದುವವನಿಗೆ ತಿಳಿಯುತ್ತಿರಲಿಲ್ಲ. ಇದಕ್ಕೆ ಕನ್ನಡದಲ್ಲಿ ಪದ ಹುಡುಕುವ ಕಷ್ಟವೇ ಇಲ್ಲ, ‘ಕಾಸಿಗಾಗಿ ಸುದ್ದಿ’ ಅಂತ ಎಲೆಕ್ಷನ್ ಪುಣ್ಯದಿಂದ ನಮ್ಮಲ್ಲಿ ಆಗಲೇ ತಯಾರಿದೆ.

ಅದೇ ಇರಾಕಿನಲ್ಲಿ ದಿಯಾಲಾ ಪ್ರಾಂತದ ಖಾನ್ ಬನಿ ಸಾದ್ ಅನ್ನೋ ಕಡೆ ಒಂದು ಜೈಲು ಕಟ್ಟಲು ಹೊರಟರು. ಸುಮಾರು 4 ಕೋಟಿ ಡಾಲರ್ ಖರ್ಚಾಗಿ, ಅರ್ಧಕ್ಕೆ ಬಿಟ್ಟು, ಒಬ್ಬ ಕೈದಿಯೂ ಅಲ್ಲಿಗೆ ಕಾಲಿಡಲಿಲ್ಲ. ಈ ಲೆಕ್ಕ ಹೊರಗೆ ಬಂದದ್ದು ಸುದ್ದಿಗಾರರಿಂದ ಅಷ್ಟಾಗಿ ಅಲ್ಲ, 2004ರಲ್ಲಿ ಅಮೆರಿಕವೇ ನೇಮಿಸಿದ ವಿಶೇಷ ತಪಾಸಣಾ ಕಚೇರಿಯಿಂದ. 2013ರವರೆಗೆ ಆ ಕಚೇರಿ ಕೆಲಸ ಮಾಡಿ ಇರಾಕ್ ಕಟ್ಟಲು ಅಮೆರಿಕ ಹಾಕಿದ ಸುಮಾರು 60 ಬಿಲಿಯನ್ ಡಾಲರ್ ಎಲ್ಲೆಲ್ಲಿ ಹೋಯಿತು ಅಂತ ನೋಡಿತು. ಇಂಥ ಕೆಲಸಕ್ಕೆ ನಮ್ಮ ಕಡೆ ಸೊಗಸಾದ ಒಂದು ಮಾತಿದೆ, ‘ಬಿಲ್ ಆಗಿದೆ’. ಕಟ್ಟಡ ಆಗಿಲ್ಲ, ಬಿಲ್ ಆಗಿದೆ. ಪತ್ರಿಕೆಯಲ್ಲಿ ಹೀಗೆ ಬರೆಯಬಹುದಾ? ‘ಇರಾಕ್: ಜೈಲು ಆಗಿಲ್ಲ, ಬಿಲ್ ಆಗಿದೆ’. ನಾನಂತೂ ಬರೆಯುತ್ತೇನೆ, ಬಿಟ್ಟರೆ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. 2018ರ ಫೆಬ್ರವರಿಯಲ್ಲಿ ಕುವೈತ್‌ನಲ್ಲಿ ಒಂದು ದೊಡ್ಡ ಸಭೆ ನಡೆಯಿತು. ಊರುಗಳನ್ನು ಮತ್ತೆ ಕಟ್ಟಲು 88 ಬಿಲಿಯನ್ ಡಾಲರ್ ಬೇಕು ಅಂತ ಇರಾಕ್ ಕೇಳಿತು. ಬೇರೆ ಬೇರೆ ದೇಶದವರು ಸೇರಿ ಸುಮಾರು 30 ಬಿಲಿಯನ್ ಅಂದರು. ನೋಡಿ, ಇಲ್ಲಿ ನಾನು ‘ಅಂದರು’ ಅಂತ ಬರೆದೆ. ‘ಕೊಟ್ಟರು’ ಅಂತ ಬರೆದರೆ ಸುಳ್ಳಾಗುತ್ತದೆ. ಕನ್ನಡದಲ್ಲಿ ಇಂಥದ್ದು ಸಾಮಾನ್ಯವಾಗಿ ‘30 ಶತಕೋಟಿ ಡಾಲರ್ ನೆರವು’ ಅಂತ ಬಂದುಬಿಡುತ್ತದೆ. ಅದರಲ್ಲಿ ಬಹುಪಾಲು ಸಾಲ, ರಫ್ತಿನ ಖಾತರಿ, ಬಂಡವಾಳ. ಬಡ್ಡಿ ಕಟ್ಟಿ ತೀರಿಸಬೇಕಾದ್ದು ‘ನೆರವು’ ಹೇಗಾಗುತ್ತದೆ? (ಶತಕೋಟಿ ಅಂದರೆ ನೂರು ಕೋಟಿ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ‘3,000 ಕೋಟಿ ಡಾಲರ್’ ಅಂತ ಬರೆದರೆ ಓದುಗರು ರೂಪಾಯಿ ಅಂದುಕೊಂಡು “ಅಷ್ಟೇನಾ, ನಮ್ ರಿಂಗ್ ರೋಡಿಗೇ ಅಷ್ಟಾಗುತ್ತೆ” ಅನ್ನುತ್ತಾರೆ. ಈಗ ಬಿಲಿಯನ್ ಅಂತಲೇ ಬರೆಯುತ್ತಿದ್ದೇನೆ.)

ಹೀಗೆ ಕೊಡುತ್ತೇವೆ ಅಂತ ಸಭೆಯಲ್ಲಿ ಹೇಳಿದ, ಇನ್ನೂ ಕೈಗೆ ಬರದ ಹಣಕ್ಕೆ ಪದ ಯಾವುದು? ‘ವಾಗ್ದಾನ’ ಇದೆ, ಆದರೆ ಅದು ಭೀಷ್ಮ ಮಾಡುವಂಥದ್ದು. ‘ಭರವಸೆ’ಗೆ ಓಟಿನ ವಾಸನೆ ಹತ್ತಿದೆ. ‘ಘೋಷಣೆ’ ಅಂದರೆ ಮೈಕಿನಲ್ಲಿ ಕೂಗಿದ ಹಾಗೆ. ಇದನ್ನೇ ತಲೆಯಲ್ಲಿ ಇಟ್ಟುಕೊಂಡು ಒಂದು ಭಾನುವಾರ ಊರಿಗೆ ಹೋದೆ. ಅಮ್ಮನವರ ಗುಡಿಗೆ ಗೋಪುರ ಎತ್ತುತ್ತಿದ್ದಾರೆ, ಅದಕ್ಕೆ ಚಂದಾ. ಗುಡಿ ಜಗಲಿ ಮೇಲೆ ನಮ್ಮ ಚಿಕ್ಕಪ್ಪ ಉದ್ದನೆಯ ರಟ್ಟಿನ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ಎಡಗಡೆ ಹೆಸರು, ನಡುವೆ ಒಂದು ಅಂಕಿ, ಬಲಗಡೆ ಇನ್ನೊಂದು ಅಂಕಿ. ಬಲಗಡೆ ಬಹಳಷ್ಟು ಖಾಲಿ. “ಚಿಕ್ಕಪ್ಪಾ, ಎಷ್ಟಾಯ್ತು?” ಅಂದೆ. “ಬರೆಸಿರೋದು ಎರಡು ಲಕ್ಷದ ಹತ್ತು ಸಾವಿರ, ಬಂದಿರೋದು ಅರವತ್ತು” ಅಂದರು, ತಲೆ ಎತ್ತದೆ.

ಬರೆಸಿರೋದು! ಎರಡು ತಿಂಗಳಿಂದ ಹುಡುಕುತ್ತಿದ್ದ ಪದ ಗುಡಿ ಜಗಲಿ ಮೇಲೆ ಬಿದ್ದಿತ್ತು. ‘ಐದು ಸಾವಿರ ಬರೆಸಿದರು’ ಅಂದರೆ ಕೊಟ್ಟರು ಅಂತ ಯಾರೂ ತಿಳಿಯುವುದಿಲ್ಲ. ಸುಳ್ಳು ಹೇಳಿದರು ಅಂತಲೂ ಅಲ್ಲ. ನಾಲ್ಕು ಜನರ ಮುಂದೆ ಹೆಸರು ಹಚ್ಚಿದ್ದಾರೆ, ಇನ್ನು ಅವರ ಮನೆ ಬಾಗಿಲಿಗೆ ನಾವು ತಿರುಗಬೇಕು, ಇಷ್ಟೂ ಆ ಒಂದು ಪದದಲ್ಲಿದೆ. ಹಾಗಾದರೆ ‘ಕುವೈತ್ ಸಭೆ: ಇರಾಕಿಗೆ 30 ಬಿಲಿಯನ್ ಬರೆಸಿದ ದೇಶಗಳು’ ಅಂತ ಹಾಕಬಹುದಲ್ವಾ? ‘ಬರೆಸಿದ್ದು ಇಷ್ಟು, ಬಂದದ್ದು ಇಷ್ಟು’ ಅಂತ ಎರಡು ಅಂಕಿ ಪಕ್ಕಪಕ್ಕ ಕೊಟ್ಟರೆ ಸುದ್ದಿ ತಾನೇ ಮಾತಾಡುತ್ತದೆ. ‘ಮುಯ್ಯಿ’ಯನ್ನೂ ಯೋಚಿಸಿದೆ, ತೆಗೆದುಕೊಂಡವರು ಮುಂದೆ ಯಾವತ್ತಾದರೂ ಹಿಂದಿರುಗಿಸಲೇಬೇಕಲ್ಲ. ಆದರೆ ಮುಯ್ಯಿಗೆ ಬಡ್ಡಿ ಇಲ್ಲ, ಊಟ ಬೇರೆ ಹಾಕುತ್ತಾರೆ. ಸಾಲವನ್ನು ಸಾಲ ಅಂತಲೇ ಬರೆಯೋಣ.

ನನ್ನ ಅನುಮಾನ ಇಷ್ಟೇ. ಈ ‘ಬರೆಸು’ ನಮ್ಮ ಕಡೆ ಮಾತ್ರವಾ? ಧಾರವಾಡ, ಮಂಗಳೂರು ಕಡೆಯವರು ಇದನ್ನು ಓದಿದರೆ ಅರ್ಜಿ ಬರೆಸಿದರು ಅನ್ನೋ ಹಾಗೆ ಕೇಳಿಸುತ್ತದಾ? ದಯವಿಟ್ಟು ತಿಳಿಸಿ.

ಇನ್ನು ಆ ಮಿನಾರಿಗೆ ವಾಪಸ್ ಬಂದರೆ, ‘ಪುನರ್ನಿರ್ಮಾಣ’ ಬಿಟ್ಟು ಬೇರೆ ಏನು? ‘ಜೀರ್ಣೋದ್ಧಾರ’ ಅಂದರು ಒಬ್ಬರು. ಹಳೆಯದಾಗಿ ಸವೆದದ್ದನ್ನು ಎತ್ತಿ ನಿಲ್ಲಿಸುವುದು ಅದು. ಬಾಂಬಿಟ್ಟು ಉರುಳಿಸಿದ್ದು ಜೀರ್ಣ ಹೇಗಾದೀತು? ‘ದುರಸ್ತಿ’ ಅಂದರೆ ಪಂಪ್‌ಸೆಟ್ ನೆನಪಾಗುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ‘ಮರಾಮತ್ತು’ ಅನ್ನುತ್ತಿದ್ದರು, ಕೆರೆ ಮರಾಮತ್ತು, ಛತ್ರದ ಮರಾಮತ್ತು. ಹಳೆ ಮೈಸೂರಿನಲ್ಲಿ ಮರಾಮತ್ತು ಇಲಾಖೆಯೇ ಇತ್ತು. ಇದು ಉರ್ದು ದಾಟಿ ಬಂದ ಅರಬ್ಬಿ ಪದ. ಮೊಸುಲ್‌ನವರು ಇಂಥ ಕೆಲಸಕ್ಕೆ ‘ತರ್ಮೀಮ್’ ಅನ್ನುತ್ತಾರೆ, ಅದಕ್ಕೂ ನಮ್ಮ ಮರಾಮತ್ತಿಗೂ ಒಂದೇ ಬೇರು. ಊರನ್ನೇ ಮತ್ತೆ ಕಟ್ಟುವುದಕ್ಕೆ ಅವರ ಪದದಲ್ಲಿರುವುದು ನಮ್ಮ ಇಮಾರತಿನ ಬೇರು. ಅಲ್ಲಿಂದ ಇಲ್ಲಿಗೆ ನಡೆದು ಬಂದ ಪದವನ್ನು ನಾವು ಬಿಟ್ಟು, ಅವರ ಸುದ್ದಿಗೆ ಸಂಸ್ಕೃತ ಹುಡುಕುತ್ತಿದ್ದೇವೆ. ‘ಮರಾಮತ್ತು’ ಈಗಲೂ ಯಾರ ಬಾಯಲ್ಲಾದರೂ ಇದೆಯಾ? ಹಳೇ ದಫ್ತರ ಬಿಟ್ಟು?

‘ವಿಳಂಬ’ದ್ದೂ ಒಂದು ಮಾತು. 2024ರ ಜೂನ್‌ನಲ್ಲಿ ಅಲ್-ನೂರಿ ಮಸೀದಿಯ ಪ್ರಾರ್ಥನಾ ಮಂದಿರದ ಗೋಡೆಯೊಳಗೆ ಐದು ದೊಡ್ಡ ಬಾಂಬ್ ಸಿಕ್ಕವು. ಐಎಸ್‌ನವರು ಗೋಡೆಯಲ್ಲಿ ಅಡಗಿಸಿಟ್ಟು ಮೇಲೆ ಮತ್ತೆ ಕಟ್ಟಿಬಿಟ್ಟಿದ್ದರು. ಎಲ್ಲರನ್ನೂ ಹೊರಗೆ ಕಳಿಸಿ ಕೆಲಸ ನಿಲ್ಲಿಸಿದರು. ಇದನ್ನು ‘ಕಾಮಗಾರಿ ವಿಳಂಬ’ ಅಂತ ಬರೆದರೆ ನಮ್ಮವರಿಗೆ ಯಾರೋ ಕಮಿಷನ್ ಕೇಳಿದರು ಅಂತಲೇ ಅರ್ಥ. ‘ತಡವಾಯಿತು’ ಅಂದರೆ ಆ ದೋಷ ಇಲ್ಲ. ಹಾಗೇ ಯುನೆಸ್ಕೋ ಅಲ್ಲಿ 124 ಹಳೇ ಮನೆಗಳನ್ನು ಸರಿಮಾಡಿಸಿತು. ಮಿನಾರಿಗೆ ಸಿಕ್ಕ ಜಾಗ ಅವಕ್ಕೆ ಸಿಗಲಿಲ್ಲ. ನಾನೂ ಹಾಕಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಒಂದು ನಮ್ಮ ಗಡಿ ಕಡೆಯ ಸ್ವಾರಸ್ಯ. ನಮ್ಮ ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಫೋಟೋ ತೋರಿಸಿ ಇಡೀ ಕತೆ ಹೇಳಿದ್ದಕ್ಕೆ ನಮ್ಮಜ್ಜಿ “ಓ, ಬಾಗು ಮಾಡವ್ರೆ ಅನ್ನು” ಅಂದರು. ತೆಲುಗಿನಲ್ಲಿ ಬಾಗು ಚೇಯಡಂ ಅಂದರೆ ಸರಿಮಾಡುವುದು, ರಿಪೇರಿ. ಕನ್ನಡದಲ್ಲಿ ಬಾಗು ಅಂದರೆ ನಿಮಗೆ ಗೊತ್ತು. ಈ ಮಿನಾರಿಗೆ ಎರಡೂ ಸರಿ, ಬಾಗಿದ ಹಾಗೇ ಬಾಗು ಮಾಡಿದ್ದಾರೆ! ಬಾಗೇಪಲ್ಲಿ, ಪಾವಗಡ ಕಡೆಯವರು ಕನ್ನಡ ಮಾತಾಡುವಾಗಲೂ ‘ಬಾಗು ಮಾಡು’ ಬಳಸುತ್ತೀರಾ, ಇಲ್ಲ ನಮ್ಮಜ್ಜಿಯದು ಮಾತ್ರವಾ?

ಇನ್ನೊಂದು ಮರೆತಿದ್ದೆ. ಮೊಸುಲ್‌ನವರು ಆ ಮಿನಾರನ್ನು ಪ್ರೀತಿಯಿಂದ ‘ಅಲ್-ಹದ್ಬಾ’ ಅಂತ ಕರೆಯುತ್ತಾರೆ. ಗೂನಿ ಅಂತ ಅರ್ಥ. ‘ಗೂನಿ ಮತ್ತೆ ನಿಂತಳು’ ಅಂತ ಹೆಡಿಂಗ್ ಬರೆದಿಟ್ಟಿದ್ದೆ, ಯಾರಿಗಾದರೂ ನೋವಾಗುತ್ತದೆ ಅಂತ ಡೆಸ್ಕಿನಲ್ಲಿ ಬೇಡ ಅಂದರು. ಅದೇ ಮಮತೆ ಇರುವ, ನೋಯಿಸದ ಪದ ಯಾರಿಗಾದರೂ ಹೊಳೆದರೆ ಕಳಿಸಿ. ‘ಬಾಗಿದ ಬೆನ್ನಿನವಳು’ ಬೇಡ, ನನಗಿರುವುದು ಎರಡೇ ಕಾಲಂ.