ಭ್ರೂಣದ ಜೀನ್ ಟೆಸ್ಟ್: ಎಷ್ಟು ಬಾಕ್ಸ್‌ಗೆ ಟಿಕ್ ಹಾಕಲಿ?

ಪ್ರಶ್ನೆ:
ನಾನು, ನನ್ನ ಗಂಡ ಇಬ್ಬರೂ ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆಯ ಕ್ಯಾರಿಯರ್, ಅಂದರೆ ತಪ್ಪಿರುವ ಜೀನ್‌ನ ಒಂದು ಪ್ರತಿ ಇಬ್ಬರಲ್ಲೂ ಇದೆ. ನಮಗೇನೂ ತೊಂದರೆ ಇಲ್ಲ, ಆದರೆ ಪ್ರತಿ ಸಲ ಬಸಿರಾದಾಗಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಐವಿಎಫ್ ಮಾಡಿ, ಅಂದರೆ ಲ್ಯಾಬ್‌ನಲ್ಲಿ ಭ್ರೂಣ ಬೆಳೆಸಿ, ಅದನ್ನು ಟೆಸ್ಟ್ ಮಾಡಿ, ಕಾಯಿಲೆ ಇಲ್ಲದ್ದನ್ನೇ ಗರ್ಭಕ್ಕೆ ಹಾಕೋಣ ಅಂದರು ಡಾಕ್ಟರ್. ಅಷ್ಟಕ್ಕೆ ರೆಡಿ ಇದ್ದೆವು. ಆಮೇಲೆ ಕೈಗೆ ಒಂದು ಫಾರ್ಮ್ ಬಂತು. ಥಲಸ್ಸೇಮಿಯಾ ಟೆಸ್ಟ್ ಅಲ್ಲದೆ ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆ) ಟೆಸ್ಟ್, ಮುಂದೆ ಶುಗರ್ ಬರುತ್ತಾ, ಹಾರ್ಟ್ ತೊಂದರೆ ಬರುತ್ತಾ ಅನ್ನುವ ಸ್ಕೋರ್, ಒಂದೊಂದಕ್ಕೂ ಒಂದು ಬಾಕ್ಸ್. ಪೆನ್ ಹಿಡಿದು ಸುಮ್ನೆ ಕೂತಿದ್ದೆ. ಏನು ಮಾಡಲಿ?

ಉತ್ತರ 1:
ಐವಿಎಫ್ ಲ್ಯಾಬ್‌ನಲ್ಲಿ ಕೆಲಸ ನನ್ನದು. ಐದನೇ ದಿನದ ಭ್ರೂಣದ ಹೊರಪದರದಿಂದ 5-10 ಜೀವಕೋಶ ತೆಗೆಯುತ್ತೇವೆ. ಅವು ಮಾಸು ಆಗುವ ಕೋಶಗಳು, ಮಗು ಆಗುವಂಥವಲ್ಲ. ಹಾಗಾಗಿ ಕ್ರೋಮೋಸೋಮ್ ರಿಪೋರ್ಟ್‌ನಲ್ಲಿ ಕೆಲವು ಕೋಶ ಸರಿ, ಕೆಲವು ತಪ್ಪು ಅಂತ ಬಂದ ಭ್ರೂಣಗಳೂ ಇರುತ್ತವೆ. ಅಂಥವನ್ನೇ ಹಾಕಿ ಆರೋಗ್ಯವಂತ ಮಕ್ಕಳು ಹುಟ್ಟಿದ್ದನ್ನು 2015ರಲ್ಲೇ ಇಟಲಿಯ ತಂಡವೊಂದು ತೋರಿಸಿತ್ತು. ನಿಮ್ಮ ಥಲಸ್ಸೇಮಿಯಾ ಟೆಸ್ಟ್ ಬೇರೆ ಮಾತು. ನಿಮ್ಮಿಬ್ಬರ ಜೀನ್‌ನಲ್ಲಿ ಏನು ತಪ್ಪಿದೆ ಅಂತ ಮೊದಲೇ ಗೊತ್ತಿರುತ್ತೆ, ಅದನ್ನೇ ಹುಡುಕುತ್ತೇವೆ. ಆದರೂ ಇಷ್ಟು ಕಮ್ಮಿ ಕೋಶದಲ್ಲಿ ಜೀನ್‌ನ ಒಂದು ಪ್ರತಿ ಕಣ್ತಪ್ಪಬಹುದು, ಬಸಿರಾದ ಮೇಲೆ ಇನ್ನೊಮ್ಮೆ ಟೆಸ್ಟ್ ಮಾಡಿಸಿ.

ಉತ್ತರ 2:
ನಾವೂ ಇದೇ ದಾರಿಯಲ್ಲಿ ಹೋದವರು. ಒಂಬತ್ತು ಎಗ್ ಸಿಕ್ಕಿತು, ಐದನೇ ದಿನಕ್ಕೆ ಉಳಿದದ್ದು ಮೂರು. ಒಂದಕ್ಕೆ ಕಾಯಿಲೆ, ಒಂದು ಕ್ಯಾರಿಯರ್, ಒಂದು ಪೂರ್ತಿ ಕ್ಲಿಯರ್. ಕ್ಲಿಯರ್ ಇದ್ದದ್ದು ನಿಲ್ಲಲೇ ಇಲ್ಲ. ಕ್ಯಾರಿಯರ್ ಬೇಡ ಅಂತ ನಮ್ಮತ್ತೆ ಹಟ ಹಿಡಿದರು. ಅಲ್ಲ ಅತ್ತೆ, ಕ್ಯಾರಿಯರ್ ಅಂದರೆ ನಿಮ್ಮ ಮಗ, ನಾನು, ನಾವೇ ಅಲ್ವಾ, ನಮಗೇನಾಗಿದೆ ಅಂತ ಕೇಳಿದೆ. ಆ ಕ್ಯಾರಿಯರ್ ಭ್ರೂಣವನ್ನೇ ಹಾಕಿಸಿಕೊಂಡೆ, ಈಗ ಆ ಹುಡುಗಿ ಯುಕೆಜಿ. ಬಾಕ್ಸ್ ಜಾಸ್ತಿ ಆದಷ್ಟೂ ಉಳಿಯುವ ಭ್ರೂಣ ಕಮ್ಮಿ, ಇದನ್ನು ನೆನಪಿಡಿ.

ಉತ್ತರ 3:
ನನಗೆ ಥಲಸ್ಸೇಮಿಯಾ ಇದೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕು, ಅದರಿಂದ ಮೈಯಲ್ಲಿ ಸೇರುವ ಕಬ್ಬಿಣ ಇಳಿಸೋಕೆ ದಿನಾ ಮಾತ್ರೆ. ಇಂಥ ಚರ್ಚೆ ಓದುವಾಗ, ನೀನು ಹುಟ್ಟಬಾರದಿತ್ತು ಅಂತ ಯಾರೋ ಪಕ್ಕದಲ್ಲಿ ನಿಂತು ಹೇಳಿದ ಹಾಗಾಗುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಮಗುವಿಗೆ ಈ ಸೂಜಿ ಬೇಕಾ ಅಂದರೆ ಬೇಡ ಅಂತಲೇ ಅನ್ನುತ್ತೇನೆ. ಶುಗರ್ ಸ್ಕೋರ್ ಮಾತ್ರ ನನಗೆ ಹಿಡಿಸಲ್ಲ. ನೂರಾರು ಜೀನ್ ಕೂಡಿಸಿ ಲೆಕ್ಕ ಹಾಕಿದ ಅಂದಾಜು ಅದು, ಊಟ-ತಿಂಡಿ, ಓಡಾಟ ಯಾವುದೂ ಅದರಲ್ಲಿಲ್ಲ.

ಪ್ರಶ್ನೆ ಕೇಳಿದವರು:
ಥಲಸ್ಸೇಮಿಯಾ ಟೆಸ್ಟ್‌ನ ಒಂದೇ ಬಾಕ್ಸ್‌ಗೆ ಟಿಕ್ ಹಾಕಿದೆ. ಕ್ಯಾರಿಯರ್ ಭ್ರೂಣ ಹಾಕುತ್ತೀರಾ ಅಂತ ಫಾರ್ಮ್‌ನಲ್ಲಿ ಎಲ್ಲೂ ಇಲ್ಲ ನೋಡಿ, ನಾಳೆ ಮೊದಲು ಅದನ್ನೇ ಕೇಳುತ್ತೇನೆ.