‘ಪೊಸಿಷನಿಂಗ್’ಗೆ ‘ಭಂಗಿ’ ಸರಿಹೋಗುತ್ತಾ?

ಆಪರೇಷನ್ ಆದ ಮೇಲೆ ಬರುವ ಬೆನ್ನುನೋವನ್ನು ತಪ್ಪಿಸುವುದು ಹೇಗೆ ಅನ್ನೋ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಆಪರೇಷನ್ ಥಿಯೇಟರಿನ ಸಹಾಯಕರೂ ಓದಬೇಕು, ರೋಗಿಯ ಮನೆಯವರೂ ಓದಬೇಕು. ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡೆ. ‘ಪೇಷಂಟ್ ಪೊಸಿಷನಿಂಗ್’, ಅಂದರೆ ಆಪರೇಷನ್‌ಗೆ ತಕ್ಕಂತೆ ರೋಗಿಯ ಮೈಯನ್ನು ಮೇಜಿನ ಮೇಲೆ ಹೊಂದಿಸಿಡುವುದು. ಅದಕ್ಕೆ ಏನನ್ನೋಣ?

ಕೇಳಿದವರೆಲ್ಲ ‘ಭಂಗಿ’ ಅಂದರು. ನನಗೆ ಯಾಕೋ ಒಗ್ಗುತ್ತಿಲ್ಲ. ಭಂಗಿ ಅನ್ನೋದು ನಾವೇ ತಾಳುವಂಥದ್ದು. ಕುಣಿಯುವವರಿಗೆ ಭಂಗಿ ಇದೆ, ಫೋಟೋಗೆ ನಿಂತವರಿಗೆ ಇದೆ, ಯೋಗ ಮಾಡುವವರಿಗೂ ಇದೆ. ಅರಿವಳಿಕೆ ಕೊಟ್ಟು ಮಲಗಿಸಿದವರಿಗೆ ಎಲ್ಲಿಯ ಭಂಗಿ? ಅವರ ಕೈಕಾಲು ಎಲ್ಲಿರಬೇಕು ಅಂತ ಗೊತ್ತುಮಾಡುವವರು ಬೇರೆಯವರು.

ನೋವಿನ ಮೂಲವೂ ಅಲ್ಲೇ ಇದೆ. ರಾತ್ರಿ ನಿದ್ದೆಯಲ್ಲಿ ಸೊಂಟ ಹಿಡಿದಂತಾದರೆ ನಮಗೇ ಗೊತ್ತಿಲ್ಲದೆ ಮಗ್ಗುಲು ಬದಲಿಸುತ್ತೇವೆ. ಮೇಜಿನ ಮೇಲೆ ಇರುವವರಿಗೆ ಅದು ಆಗುವುದಿಲ್ಲ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಕೈ ತೂರಿಸುವಷ್ಟು ಸಂದು ಇರುತ್ತದಲ್ಲ, ಅರಿವಳಿಕೆಯಲ್ಲಿ ಸ್ನಾಯುಗಳು ಸಡಿಲವಾಗಿ ಆ ಬಾಗು ಕೆಳಕ್ಕೆ ಇಳಿಬೀಳುತ್ತದೆ. ಅಲ್ಲಿನ ಲಿಗಮೆಂಟುಗಳು, ಅಂದರೆ ಮೂಳೆಗೆ ಮೂಳೆ ಬಿಗಿಯುವ ಪಟ್ಟಿಗಳು, ಗಂಟೆಗಟ್ಟಲೆ ಜಗ್ಗಿಕೊಂಡೇ ಇರುತ್ತವೆ. ಆಪರೇಷನ್ ಉದ್ದವಾದಷ್ಟೂ ನೋವು ಬರುವ ಸಂಭವ ಜಾಸ್ತಿ. ನನಗೇ ಒಮ್ಮೆ ಹೊಟ್ಟೆಯ ಆಪರೇಷನ್ ಆದಾಗ, ಮಾರನೆಯ ದಿನ ಹೊಲಿಗೆ ಹಾಕಿದ ಜಾಗಕ್ಕಿಂತ ಸೊಂಟವೇ ಹೆಚ್ಚು ನೋಯುತ್ತಿತ್ತು. ‘ಸೊಂಟ ಬಿದ್ದುಹೋಗಿದೆ’ ಅಂದೆ. ನರ್ಸಮ್ಮ ‘ಬೆನ್ನುನೋವು’ ಅಂತ ಬರೆದುಕೊಂಡರು.

ಹಾಗಾಗಿ ನಮ್ಮ ಪದದಲ್ಲಿ ‘ಇಸು’ ಇರಲೇಬೇಕು ಅನ್ನೋದು ನನ್ನ ಹಟ. ಮಲಗು ಅಲ್ಲ, ಮಲಗಿಸು. ಹೊರಳು ಅಲ್ಲ, ಹೊರಳಿಸು. ಸದ್ಯಕ್ಕೆ ‘ಮಲಗಿಸುವ ಬಗೆ’ ಅಂತ ಬರೆದಿದ್ದೇನೆ. ಆದರೆ ಭುಜದ ಕೆಲವು ಆಪರೇಷನ್‌ಗಳನ್ನು ಒರಗಿಸಿ ಕೂರಿಸಿಯೇ ಮಾಡುತ್ತಾರೆ, ಅಲ್ಲಿ ಇದು ಹೊಂದುವುದಿಲ್ಲ. ಗೆಳೆಯರೊಬ್ಬರು ‘ಮೈಯಿರಿಕೆ’ ಅಂತ ಹೊಸ ಪದ ಕಟ್ಟಿಕೊಟ್ಟರು. ಕೇಳಲು ಚೆನ್ನಾಗಿದೆ. ಆದರೆ ‘ಇರಿ’ ಅಂದರೆ ಚುಚ್ಚು ಅಂತಲೂ ಆಗುತ್ತದೆ, ಅಲ್ವಾ? ಆಪರೇಷನ್‌ಗೆ ಹೋಗುವವರ ಕೈಗೆ ಆ ಪದ ಕೊಡಲು ನನಗೆ ಧೈರ್ಯವಿಲ್ಲ.

ಒಂದೊಂದು ಬಗೆಗೂ ಪ್ರತ್ಯೇಕ ಪದ ಹುಡುಕುವಾಗ ಅಷ್ಟು ಕಷ್ಟವಾಗಲಿಲ್ಲ. ‘ಸುಪೈನ್’ಗೆ ‘ಅಂಗಾತ’ ಇದೆ. ಕೆಲವರು ‘ಉತ್ತಾನ’ ಅಂತ ಬರೆಯುತ್ತಾರೆ. ಅದನ್ನು ಓದಿದವರಿಗೆ ಉತ್ತಾನಪಾದಾಸನ ನೆನಪಾಗಿ, ಕಾಲು ಎತ್ತಬೇಕೇನೋ ಅನ್ನಿಸಬಹುದು. ‘ಪ್ರೋನ್’ಗೆ ‘ಬೋರಲು’ ಅಂತ ಹಾಕಿದ್ದೇನೆ. ‘ಮಕಾಡೆ’ ಅನ್ನುವುದೂ ಬಳಕೆಯಲ್ಲಿದೆ, ಆದರೆ ಓಡದ ಸಿನಿಮಾ ಕೂಡ ಮಕಾಡೆಯೇ ಮಲಗುತ್ತದೆ. ಬೇಡ. ‘ಲ್ಯಾಟರಲ್’ಗೆ ಮಗ್ಗುಲು. ಇಲ್ಲಿ ಮಾತ್ರ ಸುಮ್ನೆ ‘ಎಡಮಗ್ಗುಲು’ ಅಂತ ಬಿಡದೆ ‘ಎಡಮಗ್ಗುಲು ಕೆಳಗೆ ಬರುವಂತೆ’ ಅಂತ ಬಿಡಿಸಿ ಬರೆದೆ. ಯಾವ ಕಡೆ ಅನ್ನೋದರಲ್ಲಿ ಎಡವಟ್ಟಾಗಬಾರದು.

ನನಗೆ ನಿಜವಾಗಿ ಖುಷಿ ಕೊಟ್ಟದ್ದು ಮೆತ್ತೆಗಳ ಹೆಸರು. ಅಂಗಾತ ಮಲಗಿಸಿದಾಗ ಮಂಡಿಯ ಕೆಳಗೆ ಒಂದು ದಿಂಬು ಇಟ್ಟು ಕಾಲನ್ನು ತುಸು ಮಡಿಸಿದರೆ ಸೊಂಟದ ಮೇಲಿನ ಎಳೆತ ತಗ್ಗುತ್ತದೆ. ಸೊಂಟದ ಸಂದಿಗೆ ಒಂದು ಸಣ್ಣ ಮೆತ್ತೆಯನ್ನೂ ಕೊಡಬಹುದು. ಇದಕ್ಕೆ ‘ಸಪೋರ್ಟ್’, ‘ಆಧಾರ’ ಏನೂ ಬೇಡ, ‘ಒತ್ತು ಕೊಡು’ ಸಾಕು. ಮಗ್ಗುಲಾಗಿಸಿದಾಗ ಎರಡು ಮಂಡಿಗಳ ನಡುವೆ ದಿಂಬು. ಬೋರಲು ಹಾಕಿದಾಗ ಎದೆಗೂ ಸೊಂಟದ ಮೂಳೆಗೂ ಒತ್ತು ಕೊಟ್ಟು ಹೊಟ್ಟೆಯನ್ನು ಬಿಡುವಾಗಿಡಬೇಕು, ಉಸಿರಾಟಕ್ಕೆ ತೊಡಕಾಗಬಾರದಲ್ಲ. ತಲೆಯ ಕೆಳಗೆ ಬಳೆಯ ಹಾಗೆ ದುಂಡಗಿನ ಒಂದು ಮೆತ್ತೆ ಇಡುತ್ತಾರೆ. ಅದನ್ನು ನೋಡಿದ ತಕ್ಷಣ ಹೊಳೆದ ಪದ ‘ಸಿಂಬಿ’. ಕೊಡ ಹೊರುವಾಗ ತಲೆಯ ಮೇಲೆ, ಇಲ್ಲಿ ತಲೆಯ ಕೆಳಗೆ, ಅಷ್ಟೇ ವ್ಯತ್ಯಾಸ. ಇದನ್ನು ಯಾರು ಬೇಡವೆಂದರೂ ನಾನು ಬಿಡುವುದಿಲ್ಲ.

ಇನ್ನು ಸೊಂಟವೋ ಬೆನ್ನೋ? ‘ಬ್ಯಾಕ್ ಪೇನ್’ ಅಂದರೆ ಬೆನ್ನುನೋವು ಅಂತ ಬರೆದುಬಿಡುತ್ತೇವೆ. ಆದರೆ ಇಲ್ಲಿ ನೋಯುವುದು ಹೆಚ್ಚಾಗಿ ಸೊಂಟ. ‘ಬೆನ್ನು’ ಅನ್ನುವುದರಿಂದ ಇನ್ನೊಂದು ತೊಂದರೆಯೂ ಇದೆ. ‘ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ಅದಕ್ಕೇ ಬೆನ್ನುನೋವು’ ಅನ್ನೋ ಲೆಕ್ಕ ತಾನಾಗಿಯೇ ಕೂಡಿಬರುತ್ತದೆ. ಅರಿವಳಿಕೆಯ ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ನಿಜ. ವರ್ಷಗಟ್ಟಲೆ ಕಾಡುವ ನೋವಿಗೂ ಆ ಸೂಜಿಯೇ ಕಾರಣ ಅನ್ನೋದನ್ನು ವೈದ್ಯರು ಒಪ್ಪುವುದಿಲ್ಲ. ಅದಕ್ಕೇ ನಾನು ‘ಸೊಂಟನೋವು’ ಕಡೆಗೇ ವಾಲಿದ್ದೇನೆ.

ಪೂರ್ತಿ ಸೋತದ್ದು ‘ಲಿಥಾಟಮಿ’ ಹತ್ತಿರ, ಅಂದರೆ ಕಾಲುಗಳನ್ನು ಎತ್ತಿ ಅಗಲಿಸಿ ಮಲಗಿಸುವ ಬಗೆ. ಗ್ರೀಕ್ ಮೂಲದ ಪದ, ಕಲ್ಲು ಕೊಯ್ದು ತೆಗೆಯುವುದು ಅಂತ ಅರ್ಥ. ಮೂತ್ರಕೋಶದ ಕಲ್ಲು ತೆಗೆಯಲು ಹಾಗೆ ಮಲಗಿಸುತ್ತಿದ್ದರಂತೆ. ಈಗ ಸ್ತ್ರೀರೋಗದ ಆಪರೇಷನ್‌ಗಳಿಗೂ ಅದೇ ಹೆಸರು. ಅರ್ಥ ನೋಡಿ ಕನ್ನಡಿಸಿದರೆ ಕಲ್ಲೇ ಇಲ್ಲದವರಿಗೂ ಕಲ್ಲು ತೆಗೆದಂತಾಗುತ್ತದೆ! ಅಂಗಾತ ಮಲಗಿಸಿ, ಮಂಡಿ ಮಡಿಸಿ, ಎರಡೂ ಕಾಲನ್ನು ಎತ್ತಿ ಅಗಲಿಸಿ ಆನಿಸುವುದು ಅಂತ ಸದ್ಯ ಉದ್ದಕ್ಕೆ ಬರೆದಿದ್ದೇನೆ. ಇಲ್ಲಿ ಒಂದು ಎಚ್ಚರಿಕೆಯೂ ಇದೆ. ಎತ್ತುವಾಗಲೂ ಇಳಿಸುವಾಗಲೂ ಎರಡು ಕಾಲನ್ನು ಒಟ್ಟಿಗೇ ಮಾಡಬೇಕು, ಒಂದೊಂದಾಗಿ ಮಾಡಿದರೆ ಸೊಂಟ ತಿರುಚಿಕೊಳ್ಳುತ್ತದೆ. ಇದಕ್ಕೆ ‘ಜೋಡಿಗಾಲು’ ಅನ್ನಬಹುದೇ? ‘ಜೋಡಿಗಾಲು ಎತ್ತಿ, ಜೋಡಿಗಾಲು ಇಳಿಸಿ’ ಅಂದರೆ ಸಹಾಯಕರಿಗೆ ತಟ್ಟನೆ ತಿಳಿಯುತ್ತಾ, ಇಲ್ಲಾ ಕುಂಟೆಬಿಲ್ಲೆ ಆಟ ನೆನಪಾಗುತ್ತಾ? ಬಲ್ಲವರು ಹೇಳಿ.