ರೆಕ್ಕೆ ಕಟ್ಟೋ ಸ್ಟ್ಯಾಂಡ್: ನೆಲಕ್ಕೆ ಬೋಲ್ಟ್ ಹಾಕೋದಾ, ಚಕ್ರ ಹಾಕೋದಾ?

ಗ್ಯಾರೇಜ್ ಮಂಜು (ಓಹಾಯೊ)

ಎಲ್ಲರಿಗೂ ನಮಸ್ಕಾರ. ವ್ಯಾನ್ಸ್ ಕಂಪನಿಯ ಆರ್‌ವಿ-7 ಕಿಟ್ (ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸೋ ಸಣ್ಣ ವಿಮಾನ) ಕಟ್ಟುತ್ತಿದ್ದೇನೆ. ಬಾಲದ ಕೆಲಸ ಮುಗಿದಿದೆ, ರೆಕ್ಕೆಯ ಪೆಟ್ಟಿಗೆ ಇನ್ನೇನು ಬರುತ್ತೆ. ಅಷ್ಟರೊಳಗೆ ಸ್ಟ್ಯಾಂಡ್ ಆಗಬೇಕು. ಇಲ್ಲಿ ಜಾಸ್ತಿ ಜನ ಮಾಡೋದು ಹೀಗೆ: ನೆಲದಿಂದ ಸೂರಿನವರೆಗೆ ಎರಡು ಮರದ ಕಂಬ, ಕಂಬಕ್ಕೆ ಅಡ್ಡ ತೋಳು, ತೋಳಿನ ಮೇಲೆ ಮುಖ್ಯ ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗೋ ತೊಲೆ. ರೆಕ್ಕೆಯ ಮೂತಿ ಮೇಲಕ್ಕೆ, ಹಿಂದಿನ ಸ್ಪಾರ್ ಕೆಳಗೆ ನೇತಾಡುತ್ತೆ.

ನನ್ನದು ಎರಡು ಕಾರಿನ ಗ್ಯಾರೇಜ್. ಚಳಿಗಾಲದಲ್ಲಿ ಒಂದು ಕಾರು ಒಳಗೇ ನಿಲ್ಲಬೇಕು ಅಂತ ಹೆಂಡತಿಯ ಕಂಡೀಷನ್. ಅದಕ್ಕೇ ಚಕ್ರದ ಮೇಲೆ ಕಬ್ಬಿಣದ ಫ್ರೇಮ್ ಮಾಡಿಸಿ, ಎರಡೂ ತುದಿಗೆ ಬೇರಿಂಗ್ ಹಾಕಿ, ರೆಕ್ಕೆಯನ್ನ ಬೇಕಾದ ಹಾಗೆ ಹೊರಳಿಸೋ ಸ್ಟ್ಯಾಂಡ್ ಮಾಡಿಸೋಣ ಅಂತಿದ್ದೇನೆ. ಮಾಡಿರೋರು ಹೇಳಿ, ಯಾವುದು ಒಳ್ಳೇದು?

ಬೇರಿಂಗ್ ಭಟ್ (ಕ್ಯಾಲಿಫೋರ್ನಿಯಾ)

ಕಣ್ಣು ಮುಚ್ಚಿಕೊಂಡು ಹೊರಳಿಸೋ ಸ್ಟ್ಯಾಂಡ್ ಮಾಡಿಸಿ. ಕಂಬದ ಪದ್ಧತಿ ಅದೇ ಕಂಪನಿಯ ಹಳೇ ಆರ್‌ವಿ-4, ಮೊದಮೊದಲ ಆರ್‌ವಿ-6 ಕಾಲದ್ದು. ಆಗ ಸ್ಕಿನ್‌ಗೆ, ಅಂದರೆ ಹೊರಗಿನ ತಗಡಿಗೆ, ತೂತು ನಾವೇ ಅಳೆದು ಕೊರೆಯಬೇಕಿತ್ತು. ಜಿಗ್ (ಕಟ್ಟೋವಾಗ ರೆಕ್ಕೆ ಹಿಡಿದಿಡೋ ಚೌಕಟ್ಟು) ಸೊಟ್ಟ ಇದ್ದರೆ ರೆಕ್ಕೆಯೂ ಸೊಟ್ಟ. ಈಗ ಸ್ಪಾರ್, ರಿಬ್ (ಸ್ಪಾರಿಗೆ ಅಡ್ಡ ಕೂರೋ ಪಕ್ಕೆಲುಬು), ಸ್ಕಿನ್ ಎಲ್ಲದಕ್ಕೂ ಕಾರ್ಖಾನೆಯಲ್ಲೇ ತೂತು ಹೊಡೆದು ಕಳಿಸುತ್ತಾರೆ. ತೂತಿಗೆ ತೂತು ಕೂಡಿಸಿ ಕ್ಲೀಕೋ (ರಿವೆಟ್ ಹೊಡೆಯೋವರೆಗೆ ತಗಡು ಹಿಡಿದಿಡೋ ಪಿನ್) ಹಾಕಿದರೆ ರೆಕ್ಕೆ ತಾನೇ ನೇರ ಬರುತ್ತೆ. ಸ್ಟ್ಯಾಂಡ್ ಕೆಲಸ ಸುಮ್ನೆ ಎತ್ತಿ ಹಿಡಿಯೋದು ಅಷ್ಟೇ. ಹಾಗಿದ್ದ ಮೇಲೆ ಬೆನ್ನು ಬಗ್ಗದ ಹಾಗೆ ಕೆಲಸ ಮಾಡೋದು ಮುಖ್ಯ ಅಲ್ವಾ?

ರಿವೆಟ್ ರಾಯ (ಆರೆಗಾನ್)

ಭಟ್ರೇ, ಅರ್ಧ ಒಪ್ಪುತ್ತೇನೆ. ತೂತು ಹೊಂದುತ್ತೆ ನಿಜ. ಆದರೆ ಕಾರ್ಖಾನೆಯ ತೂತು ಪೂರ್ತಿ ಅಳತೆಯದ್ದಲ್ಲ, ಕ್ಲೀಕೋ ಹಾಕಿದ ಮೇಲೆ ನಾವು ಇನ್ನೊಂಚೂರು ಕೊರೆದು ದೊಡ್ಡದು ಮಾಡುತ್ತೇವೆ. ಆ ಹೊತ್ತಿಗೆ ರೆಕ್ಕೆ ಹೇಗೆ ನಿಂತಿದೆಯೋ ಹಾಗೇ ತೂತು ಕೂರುತ್ತೆ. ಒಂದೊಂದು ತೂತಿನ ಸಡಿಲ ಕೂದಲೆಳೆಯಷ್ಟು. ಹನ್ನೆರಡು ಅಡಿ ಉದ್ದಕ್ಕೆ ಎಲ್ಲ ಒಂದೇ ಕಡೆ ವಾಲಿದರೆ ಕಣ್ಣಿಗೆ ಕಾಣೋಷ್ಟಾಗುತ್ತೆ.

ಸ್ಕಿನ್ ಇಲ್ಲದ ರೆಕ್ಕೆಯನ್ನ ಕೈಯಲ್ಲಿ ಹಿಡಿದು ನೋಡಿದ್ದೀರಾ? ಎರಡು ಸ್ಪಾರ್, ನಡುವೆ ರಿಬ್. ಒಂದು ತುದಿ ಹಿಡಿದು ತಿರುಚಿದರೆ ಖಾಲಿ ರಟ್ಟಿನ ಪೆಟ್ಟಿಗೆ ಥರ ತಿರುಚಿಕೊಳ್ಳುತ್ತೆ. ಮೇಲಿನ ಸ್ಕಿನ್ ಕೂತರೂ ಸ್ವಲ್ಪ ಬಳುಕುತ್ತೆ. ಕೆಳಗಿನದ್ದೂ ಕೂತು ನಾಲ್ಕೂ ಕಡೆ ಮುಚ್ಚಿದ ಮೇಲೆ ಮಾತ್ರ ಗಟ್ಟಿ. ಆಮೇಲೆ ಒಳಗೆ ತಿರುಚು ಇದ್ದರೆ ಯಾವ ದೇವರೂ ತೆಗೆಯಲಾರ.

ರೆಕ್ಕೆಯ ಒಟ್ಟು ಕೋನವನ್ನ ಬೇಕಾದರೆ ಕೊನೆಯಲ್ಲಿ ಸರಿ ಮಾಡಬಹುದು. ಹಿಂದಿನ ಸ್ಪಾರ್ ಫ್ಯೂಸಲಾಜ್‌ಗೆ (ವಿಮಾನದ ಒಡಲಿಗೆ) ಸೇರೋ ಬೋಲ್ಟಿನ ತೂತು ನಾವು ಕೊರೆಯೋದು ರೆಕ್ಕೆ ಜೋಡಿಸೋ ದಿನ. ಎರಡೂ ಕಡೆ ಕೋನ ಸಮ ಮಾಡಿಕೊಂಡೇ ಕೊರೆಯುತ್ತೇವೆ. ತಿರುಚಿಗೆ ಅಂಥ ಬಾಗಿಲು ಇಲ್ಲ. ಹಾರಿಸಿದಾಗ ವಿಮಾನ ಒಂದು ಕಡೆ ವಾಲುತ್ತೆ, ಆಮೇಲೆ ಏಲೆರಾನ್ (ರೆಕ್ಕೆಯ ಹಿಂಬದಿಯ ಆಡೋ ಪಟ್ಟಿ) ಅಂಚು ಒತ್ತಿ ಒತ್ತಿ ಸರಿ ಮಾಡ್ತಾ ಕೂರಬೇಕು.

ಹುಬ್ಬಳ್ಳಿ ಹವ್ಯಾಸಿ

ನಾನು ಸುಮ್ನೆ ಓದೋ ಗಿರಾಕಿ, ರೇಡಿಯೊ ಕಂಟ್ರೋಲ್ ವಿಮಾನ ಮಾಡೋನು. ನೋಡ್ರಿ, ನಮಗೆ ಒಂದು ಸಪಾಟು ಹಲಗೆ ಸಾಕು. ದೊಡ್ಡ ವಿಮಾನಕ್ಕೂ ಉದ್ದನೆಯ ಟೇಬಲ್ ಮಾಡಿ ಅದರ ಮೇಲೇ ಮಲಗಿಸಿ ಕಟ್ಟಿದರೆ ಏನಾಗುತ್ತೆ? ಕಂಬ, ತೋಳು, ಬೇರಿಂಗ್ ಇದೆಲ್ಲ ಯಾಕೆ ಬೇಕು?

ರಿವೆಟ್ ರಾಯ

ಒಳ್ಳೇ ಪ್ರಶ್ನೆ. ಜೆನಿತ್ ಕಂಪನಿಯ ಸಿಎಚ್ 750 ಥರದ ವಿಮಾನಗಳನ್ನ ಹಾಗೇ ಟೇಬಲ್ ಮೇಲೆ ಕಟ್ಟುತ್ತಾರೆ. ಅದಕ್ಕೆ ಕಾರಣ ರಿವೆಟ್. ಅವರದು ಒಂದೇ ಕಡೆಯಿಂದ ಎಳೆದು ಕೂರಿಸೋ ರಿವೆಟ್, ಇನ್ನೊಂದು ಕಡೆ ಕೈ ಹೋಗಬೇಕಾಗಿಲ್ಲ. ಆರ್‌ವಿಯಲ್ಲಿ ಹೆಚ್ಚಿನದು ಗಟ್ಟಿ ರಿವೆಟ್. ಹೊರಗಡೆಯಿಂದ ಒಬ್ಬರು ರಿವೆಟ್ ಗನ್ನಲ್ಲಿ ಬಡಿಯಬೇಕು, ಒಳಗಡೆಯಿಂದ ಇನ್ನೊಬ್ಬರು ಬಕಿಂಗ್ ಬಾರ್ ಅನ್ನೋ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಮಲಗಿಸಿದರೆ ಒಳಗಿನವರು ಎಲ್ಲಿ ನಿಲ್ಲೋದು? ಜೊತೆಗೆ ಆರ್‌ವಿ-7 ರೆಕ್ಕೆ ಮೇಲೂ ಉಬ್ಬು, ಕೆಳಗೂ ಉಬ್ಬು. ಟೇಬಲ್ ಮೇಲೆ ಇಟ್ಟರೆ ತೂಗಾಡುತ್ತೆ.

ಜಿಗ್ ಮೇಷ್ಟ್ರು (ಬೆಂಗಳೂರು)

ನಾನು ಎಚ್‌ಎಎಲ್‌ನಲ್ಲಿ ಜಿಗ್ ವಿಭಾಗದಲ್ಲಿದ್ದವನು, ಈಗ ನಿವೃತ್ತ. ಕಿರಣ್ ತರಬೇತಿ ವಿಮಾನದ ಕಾಲದಿಂದ ನೋಡಿದ್ದೇನೆ. ಕಾರ್ಖಾನೆ ಜಿಗ್ ಅಂದರೆ ದಪ್ಪ ಕಬ್ಬಿಣದ ಚೌಕಟ್ಟು. ನೆಲಕ್ಕೆ ಗ್ರೌಟ್ ಹಾಕಿ ಕೂರಿಸಿ, ದುರ್ಬೀನಿನಲ್ಲಿ ಗುರಿ ಹಿಡಿದು ಒಂದೊಂದು ಬಿಂದು ಸರಿ ಮಾಡಿ, ಆಗಾಗ ಮತ್ತೆ ತಪಾಸಣೆ ಮಾಡೋದು. ಅಲ್ಲಿ ಜಿಗ್ ಹೇಳಿದ ಹಾಗೆ ರೆಕ್ಕೆ ಕೇಳುತ್ತೆ. ಮನೆಯ ಗ್ಯಾರೇಜಿನಲ್ಲಿ ಅಷ್ಟು ಗಟ್ಟಿ ಜಿಗ್ ಸಾಧ್ಯವೂ ಇಲ್ಲ, ತೂತು ಹೊಡೆದು ಬರೋ ಕಿಟ್‌ಗೆ ಬೇಕಾಗೂ ಇಲ್ಲ. ಭಟ್ರು ಹೇಳಿದ್ದು ಅಷ್ಟರಮಟ್ಟಿಗೆ ಸರಿ.

ಆದರೆ ಅರೆಗಟ್ಟಿ ಸ್ಟ್ಯಾಂಡ್ ಇದೆಯಲ್ಲ, ಅದು ಎರಡರ ಕಷ್ಟವನ್ನೂ ಕೊಡುತ್ತೆ. ರೆಕ್ಕೆಯನ್ನ ನೇರ ಇಡೋಷ್ಟು ಬಿಗಿ ಇಲ್ಲ, ತಿರುಚೋಷ್ಟು ಬಿಗಿ ಇದೆ. ಮಂಜು ಅವರ ಚಕ್ರದ ಫ್ರೇಮ್ ತಗೊಳ್ಳಿ. ನಾಲ್ಕು ಚಕ್ರ. ಅಮೆರಿಕದ ಗ್ಯಾರೇಜ್ ನೆಲ ನೀರು ಹರಿಯಲಿ ಅಂತ ಬಾಗಿಲ ಕಡೆ ಇಳಿಜಾರು ಇರುತ್ತೆ. ಇಳಿಜಾರೂ ಎಲ್ಲಾ ಕಡೆ ಒಂದೇ ಥರ ಇರೋಲ್ಲ. ಇಲ್ಲಿಂದ ಅಲ್ಲಿಗೆ ತಳ್ಳಿದಿರಿ, ಒಂದು ಚಕ್ರ ಎತ್ತರಕ್ಕೆ ಹೋಯಿತು, ಫ್ರೇಮ್ ಮೂಲೆಯಿಂದ ಮೂಲೆಗೆ ತಿರುಚಿತು. ರೆಕ್ಕೆಯ ಎರಡೂ ತುದಿ ಫ್ರೇಮಿಗೆ ಬಿಗಿದಿದ್ದರೆ ಅದೂ ಜೊತೆಗೆ ತಿರುಚಿತು. ಚಕ್ರ ಬೇಕೇ ಬೇಕು ಅಂದರೆ ಮೂರು ಕಡೆ ಊರೋ ಹಾಗೆ ಮಾಡಿ. ಮೂರು ಕಾಲು ಯಾವ ನೆಲದ ಮೇಲೂ ಅಲ್ಲಾಡದೆ ನಿಲ್ಲುತ್ತೆ, ಫ್ರೇಮಿಗೆ ತಿರುಚೂ ಬರೋಲ್ಲ.

ಇನ್ನೊಂದು ಮಾತು. ಹೊರಳಿಸೋ ಸ್ಟ್ಯಾಂಡಿನಲ್ಲಿ ಎರಡೂ ತುದಿಗೆ ಪಿನ್ ಹಾಕಿ ಲಾಕ್ ಮಾಡೋದನ್ನ ಚಿತ್ರಗಳಲ್ಲಿ ನೋಡಿದ್ದೇನೆ. ಎರಡೂ ಕಡೆ ಪಿನ್ನಿನ ತೂತು ಒಂದೇ ಕೋನದಲ್ಲಿದೆ ಅಂತ ಯಾರು ಅಳೆದರು? ಬುಡದ ಕಡೆ (ವಿಮಾನದ ಒಡಲಿಗೆ ಸೇರೋ ಕಡೆ) ಮಾತ್ರ ಲಾಕ್ ಮಾಡಿ. ತುದಿಯ ಕಡೆ ಬೇರಿಂಗ್ ಸಡಿಲ ಇರಲಿ.

ಬೇರಿಂಗ್ ಭಟ್

ಮೇಷ್ಟ್ರೇ, ಒಂದೇ ಕಡೆ ಲಾಕ್ ಅನ್ನೋದು ಚೆನ್ನಾಗಿದೆ, ನಾನು ಹಾಗೆ ಯೋಚಿಸಿರಲಿಲ್ಲ. ಆದರೆ ರೆಕ್ಕೆ ಅಡ್ಡ ಮಲಗಿಸಿ ಸ್ಕಿನ್ ಹೊದಿಸೋದು ಎಷ್ಟು ಸುಲಭ ಗೊತ್ತಾ? ನಿಂತ ರೆಕ್ಕೆಗೆ ದೊಡ್ಡ ಸ್ಕಿನ್ ಒಬ್ಬರೇ ಹೊದಿಸೋಕೆ ಹೋದರೆ ಗಾಳಿಗೆ ಹಿಡಿದ ಪಟದ ಹಾಗೆ ಎಗರುತ್ತೆ.

ಜಿಗ್ ಮೇಷ್ಟ್ರು

ಹೊದಿಸೋಕೆ ಮಲಗಿಸಿ, ಯಾರು ಬೇಡ ಅಂದರು? ಕೊರೆಯೋವಾಗ ಮಾತ್ರ ನಿಲ್ಲಿಸಿ. ನಿಂತಾಗ ಎಲ್ಲ ಭಾರವೂ ಮುಖ್ಯ ಸ್ಪಾರಿನ ನೇರ ಕೆಳಗೆ ಜೋಲುತ್ತೆ. ತುದಿ ಸಡಿಲ ಬಿಟ್ಟರೆ ತಾನಾಗೇ ಲಂಬಕ್ಕೆ ಬಂದು ನಿಲ್ಲುತ್ತೆ. ಮಲಗಿಸಿದಾಗ ಹಾಗಲ್ಲ. ಸ್ಪಾರ್ ಮಾತ್ರ ಹಿಡಿದಿದ್ದೀರಿ, ಹಿಂಭಾಗದ ರಿಬ್ಬುಗಳ ಭಾರ ಒಂದೇ ಪಕ್ಕಕ್ಕೆ ಎಳೆಯುತ್ತೆ. ಬುಡ ಲಾಕ್ ಆಗಿದೆ, ತುದಿ ಸಡಿಲ. ತುದಿಯ ಕಡೆ ಹಿಂಭಾಗ ಕೆಳಗೆ ಬಾಗುತ್ತೆ, ಅಲ್ಲೇ ತಿರುಚು. ಆ ಸ್ಥಿತಿಯಲ್ಲಿ ತೂತು ಕೊರೆದರೆ ಭೂಮಿಯೇ ನಿಮ್ಮ ರೆಕ್ಕೆ ಡಿಸೈನ್ ಮಾಡಿದ ಹಾಗೆ.

ಗ್ಯಾರೇಜ್ ಮಂಜು

ಈಗ ಅರ್ಥ ಆಯ್ತು. ಸರಿ, ತಿರುಚು ಇದೆಯಾ ಇಲ್ವಾ ಅಂತ ನೋಡೋದು ಹೇಗೆ? ಡಿಜಿಟಲ್ ಲೆವೆಲ್ ಸಾಕಾ?

ರಿವೆಟ್ ರಾಯ

ಡಿಜಿಟಲ್ ಲೆವೆಲ್ ಇರಲಿ, ಆದರೆ ನಂಬಬೇಕಾದ್ದು ತೂಗುಗುಂಡನ್ನ. ಗಾರೆ ಕೆಲಸದವರ ಹತ್ತಿರ ಇರುತ್ತಲ್ಲ, ಅದೇ. ಮುಖ್ಯ ಸ್ಪಾರಿನ ಮೇಲಂಚಿಂದ ಬುಡದಲ್ಲೊಂದು, ತುದಿಯಲ್ಲೊಂದು ದಾರ ಇಳಿಬಿಡಿ. ದಾರ ಹಿಂದಿನ ಸ್ಪಾರಿನ ಪಕ್ಕದಲ್ಲಿ ಹಾದುಹೋಗುತ್ತೆ. ದಾರಕ್ಕೂ ಹಿಂದಿನ ಸ್ಪಾರಿಗೂ ನಡುವಿನ ಅಂತರ ಎರಡೂ ಕಡೆ ಅಳೆಯಿರಿ. ಒಂದೇ ಇದ್ದರೆ ತಿರುಚಿಲ್ಲ. ಆರ್‌ವಿ ರೆಕ್ಕೆ ಬುಡದಿಂದ ತುದಿವರೆಗೆ ಒಂದೇ ಅಗಲ, ಬೇಕಂತಲೇ ಕೊಟ್ಟ ತಿರುಚೂ ಇಲ್ಲ. ಹಾಗಾಗಿ ಲೆಕ್ಕ ಸುಲಭ.

ಗುಂಡು ತೂಗಾಡೋದು ನಿಲ್ಲೋದೇ ಇಲ್ಲ. ಕೆಳಗೆ ಒಂದು ಡಬ್ಬಿಯಲ್ಲಿ ಹಳೇ ಎಂಜಿನ್ ಆಯಿಲ್ ಹಾಕಿ ಗುಂಡನ್ನ ಅದರಲ್ಲಿ ಮುಳುಗಿಸಿ. ಗುಂಡು ಡಬ್ಬಿಯ ಗೋಡೆಗೆ ತಾಗಬಾರದು. ಫ್ಯಾನ್, ಹೀಟರ್ ಎರಡೂ ಆಫ್.

ಸ್ಪಾರಿನ ನಡು ಜೋಲೋದನ್ನೂ ನೋಡಿ. ಬುಡದಿಂದ ತುದಿಗೆ ಮೀನಿನ ಗಾಳದ ದಾರ ಬಿಗಿಯಾಗಿ ಕಟ್ಟಿ. ನಡುವಿನಲ್ಲಿ ಸ್ಪಾರ್ ದಾರದಿಂದ ಕೆಳಗಿದ್ದರೆ ಅಲ್ಲಿಗೊಂದು ಊರುಗೋಲು ಕೊಡಿ. ಥ್ರೆಡ್ ಇರೋ ಸರಳಿನ ಮೇಲೆ ನಟ್ ತಿರುಗಿಸಿ ಎತ್ತರ ಹೊಂದಿಸೋ ಥರದ್ದು ಆದರೆ ಅನುಕೂಲ.

ಹುಬ್ಬಳ್ಳಿ ಹವ್ಯಾಸಿ

ಎಷ್ಟು ವ್ಯತ್ಯಾಸ ಬಂದರೆ ಪರವಾಗಿಲ್ಲ ರೀ?

ಸೀಮಾ (ಹ್ಯೂಸ್ಟನ್)

ಲೆಕ್ಕ ಹಾಕೋಣ. ಎರಡು ಸ್ಪಾರಿನ ನಡುವೆ 750 ಮಿಮೀ ಅಂತ ಇಟ್ಕೊಳ್ಳಿ. ದಾರದ ಅಂತರದಲ್ಲಿ 1 ಮಿಮೀ ವ್ಯತ್ಯಾಸ ಬಂದರೆ ತಿರುಚು 0.08 ಡಿಗ್ರಿಗೂ ಕಡಿಮೆ. ಅಷ್ಟಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. 5 ಮಿಮೀ ಅಂದರೆ 0.4 ಡಿಗ್ರಿ ಹತ್ತಿರ. ಅದನ್ನ ಹಾಗೇ ಬಿಟ್ಟು ಸ್ಕಿನ್ ಮುಚ್ಚಬಾರದು.

ನಾನು ಕಟ್ಟಡದ ಸ್ಟ್ರಕ್ಚರಲ್ ಎಂಜಿನಿಯರ್, ವಿಮಾನದ್ದಲ್ಲ. ಗಂಡ ಕಟ್ಟುತ್ತಾನೆ, ಬಕಿಂಗ್ ಬಾರ್ ಹಿಡಿಯೋದು ನಾನು. ನಮ್ಮ ಊರಿನ ಬಿಸಿಲಲ್ಲಿ ಇನ್ನೊಂದು ವಿಷಯ ಇದೆ, ಇಲ್ಲಿ ಯಾರೂ ಎತ್ತಲಿಲ್ಲ. ಅಲ್ಯೂಮಿನಿಯಂ ಕಾವಿಗೆ ಹಿಗ್ಗುತ್ತೆ. 3.6 ಮೀಟರ್ ಸ್ಪಾರ್, ಬೆಳಗ್ಗೆ 20 ಡಿಗ್ರಿ, ಮಧ್ಯಾಹ್ನ 40 ಡಿಗ್ರಿ: ಸುಮಾರು 1.6 ಮಿಮೀ ಉದ್ದ ಆಗುತ್ತೆ. ಕಬ್ಬಿಣದ ಫ್ರೇಮ್ ಹಿಗ್ಗೋದು ಅದರ ಅರ್ಧ. ಮರದ ಹಲಗೆ ಉದ್ದಕ್ಕೆ ಇನ್ನೂ ಕಡಿಮೆ. ಎರಡೂ ತುದಿ ಬೋಲ್ಟ್ ಹಾಕಿ ಬಿಗಿದರೆ ಸ್ಪಾರ್ ಎಲ್ಲಿಗೆ ಹೋಗಬೇಕು?

ರಿವೆಟ್ ರಾಯ

ಸೀಮಾ ಮೇಡಂ, ಕಂಬದ ಸ್ಟ್ಯಾಂಡಿನಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳೋ ಅಗತ್ಯ ಇಲ್ಲ. ಕಂಬದ ತೋಳೇ ಒಂದೆರಡು ಮಿಲಿಮೀಟರ್ ಬಾಗುತ್ತೆ.

ಸೀಮಾ

ಬಾಗುತ್ತೆ, ಒಪ್ಪಿದೆ. ಹೇಗೂ ಬಾಗುತ್ತೆ ಅಂತ ಗೊತ್ತಿದ್ದ ಮೇಲೆ ತುದಿಯ ಕಡೆ ದುಂಡು ತೂತಿನ ಬದಲು ಉದ್ದನೆಯ ಸೀಳು ಹಾಕಿದರೆ ಕಳಕೊಳ್ಳೋದೇನು? ಬೋಲ್ಟ್ ಉದ್ದಕ್ಕೆ ಜಾರಲಿ, ಮೇಲೆ ಕೆಳಗೆ ಮಾತ್ರ ಜಾರದಿರಲಿ. ಐದು ನಿಮಿಷದ ಕೆಲಸ. ಕಬ್ಬಿಣದ ಗಟ್ಟಿ ಫ್ರೇಮ್ ಮಾಡೋರಿಗಂತೂ ಇದು ಬೇಕೇ ಬೇಕು. ಮತ್ತೆ ಗ್ಯಾರೇಜ್ ಬಾಗಿಲು ತೆಗೆದು ಒಂದೇ ಸ್ಕಿನ್ ಮೇಲೆ ಬಿಸಿಲು ಬೀಳೋವಾಗ ಕೊರೆಯಬೇಡಿ. ಒಂದು ಕಡೆ ಹಿಗ್ಗಿ, ಇನ್ನೊಂದು ಕಡೆ ಹಾಗೇ ಇರುತ್ತೆ. ನಾವು ಬೆಳಗ್ಗೆ ಕಾಫಿ ಆದ ಕೂಡಲೇ ಕೊರೆಯೋದು ಮುಗಿಸುತ್ತಿದ್ದೆವು.

ಇನ್ನೊಂದು, ಸ್ಟ್ಯಾಂಡಿನ ಎತ್ತರ. ಎಲ್ಲರೂ ಗನ್ ಹಿಡಿಯೋರ ಎತ್ತರಕ್ಕೆ ಮಾಡುತ್ತಾರೆ. ಕೆಳಗಿನ ಸ್ಕಿನ್ ಕೊನೆಯ ಸಾಲುಗಳಿಗೆ ಬಂದಾಗ, ಸ್ಕಿನ್ ಅಂಚು ಸ್ವಲ್ಪ ಹಿಂದಕ್ಕೆ ಬಾಗಿಸಿಕೊಂಡು ರಿಬ್ಬಿನ ದುಂಡು ಕಿಂಡಿಯೊಳಗೆ ತೋಳು ತೂರಿಸಬೇಕು. ಮೊಣಕೈವರೆಗೆ ಒಳಗೆ, ಏನೂ ಕಾಣೋಲ್ಲ. ಬೆರಳಿಗೆ ರಿವೆಟ್ಟಿನ ಬಾಲ ಸಿಗಬೇಕು, ಬಾರ್ ಅದರ ಮೇಲೆ ಸಪಾಟಾಗಿ ಕೂರಬೇಕು. ಭುಜ ಆ ಎತ್ತರಕ್ಕೆ ಬರದಿದ್ದರೆ ಸ್ಟೂಲ್ ಮೇಲೆ ನಿಂತು ಅಲ್ಲಾಡ್ತಾ ಬಾರ್ ಹಿಡಿಯಬೇಕಾಗುತ್ತೆ. ಬಾರ್ ಜಾರಿತೋ, ಸ್ಕಿನ್ ಮೇಲೆ ಅರ್ಧಚಂದ್ರದ ತಗ್ಗು. ಮಂಜು ಅವರೇ, ನಿಮ್ಮ ಬಾರ್ ಹಿಡಿಯೋರು ಯಾರು? ಅವರನ್ನ ನಿಲ್ಲಿಸಿ ಎತ್ತರ ಗುರುತು ಹಾಕಿ.

ಬೇರಿಂಗ್ ಭಟ್

ಇದಕ್ಕೇ ನಾನು ಹೊರಳಿಸೋದು ಅಂದಿದ್ದು. ಯಾರ ಎತ್ತರಕ್ಕೆ ಬೇಕಾದರೂ ತಿರುಗಿಸಿಕೊಳ್ಳಬಹುದು.

ರಿವೆಟ್ ರಾಯ

ತಿರುಗಿಸಿದರೆ ಸ್ಪಾರ್ ಅಲ್ಲೇ ಇರುತ್ತೆ ಸ್ವಾಮಿ, ಎತ್ತರ ಬದಲಾಗೋದು ಅಂಚುಗಳದ್ದು ಮಾತ್ರ. ಆದರೆ ರಿವೆಟ್ ಹೊಡೆಯೋವಾಗ ಹೊರಳಿಸೋ ಸೌಕರ್ಯ ಚೆನ್ನ, ಅದನ್ನ ಅಲ್ಲಗಳೆಯೋಲ್ಲ. ಕೊರೆದಾಗಿದೆ, ಕ್ಲೀಕೋ ತುಂಬ ಹಾಕಿದೆ ಅಂದಮೇಲೆ ಹೇಗೆ ಬೇಕಾದರೂ ತಿರುಗಿಸಿ.

ಮರ ತಗೊಳ್ಳೋರಿಗೆ ಒಂದು ಮಾತು. ಅಂಗಡಿಯಲ್ಲಿ ಸಿಗೋ ನಾಲ್ಕಿಂಚಿನ ಕಂಬ ಹಸಿ ಇರುತ್ತೆ. ಓಹಾಯೊದಲ್ಲಿ ಚಳಿಗೆ ಹೀಟರ್ ಹಾಕಿದಿರಿ ಅಂದರೆ ಒಣಗಿ ತಿರುಚಿಕೊಳ್ಳುತ್ತೆ. ಒಣಗಿಸಿದ ಎರಡು ಹಲಗೆ ಬೆನ್ನಿಗೆ ಬೆನ್ನು ಅಂಟಿಸಿ ಸ್ಕ್ರೂ ಹಾಕಿ ಕಂಬ ಮಾಡಿಕೊಳ್ಳಿ. ಏನೇ ಮಾಡಿದರೂ ಸ್ಕಿನ್ ಮುಚ್ಚೋ ದಿನ ಬೆಳಗ್ಗೆ ತೂಗುಗುಂಡು ಮತ್ತೆ ಇಳಿಬಿಡಿ. ಹೋದ ವಾರ ಸರಿ ಇತ್ತು ಅನ್ನೋದು ಲೆಕ್ಕಕ್ಕಿಲ್ಲ.

ಗ್ಯಾರೇಜ್ ಮಂಜು

ಎಲ್ಲರಿಗೂ ಧನ್ಯವಾದ. ಹೀಗೆ ಮಾಡುತ್ತೇನೆ: ಎರಡು ಬಿಡಿ ಕಬ್ಬಿಣದ ಸ್ಟ್ಯಾಂಡ್, ನಡುವೆ ಜೋಡಿಸೋ ಫ್ರೇಮ್ ಇಲ್ಲ, ಚಕ್ರವೂ ಇಲ್ಲ. ಬುಡದ ಕಡೆ ರಿಬ್‌ನಿಂದ ಆಚೆ ಚಾಚಿಕೊಂಡಿರೋ ಸ್ಪಾರಿಗೆ ಪ್ಲೇಟ್, ಅಲ್ಲಿ ಲಾಕ್. ತುದಿಯ ಕಡೆ ಬೇರಿಂಗ್, ಸೀಳು ತೂತು. ಗೋಡೆ ಪಕ್ಕ ಇಟ್ಟರೆ ಕಾರಿಗೂ ಜಾಗ ಸಿಗುತ್ತೆ. ಮುಗಿದ ರೆಕ್ಕೆ ಚಕ್ರದ ತೊಟ್ಟಿಲಿಗೆ, ಕಾರ್ಪೆಟ್ ಪಟ್ಟಿಯ ಮೇಲೆ ಮೂತಿ ಕೆಳಗೆ ಮಾಡಿ. ಸ್ಟ್ಯಾಂಡಿನ ಬುಡಕ್ಕೆ ಕಾಂಕ್ರೀಟ್ ಕೊರೆದು ನಾಲ್ಕು ನಾಲ್ಕು ಆಂಕರ್ ಬೋಲ್ಟ್ ಸಾಕಲ್ವಾ?

ಸೀಮಾ

ತಡೀರಿ! ಕೊರೆಯೋ ಮುಂಚೆ ನೆಲ ಯಾವ ಥರದ್ದು ಅಂತ ನೋಡಿ. ಕೆಲವು ಮನೆಗಳ ಕಾಂಕ್ರೀಟ್ ನೆಲದೊಳಗೆ ಉಕ್ಕಿನ ಕೇಬಲ್ ಎಳೆದು ಬಿಗಿದಿರುತ್ತಾರೆ. ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆ ಇದು ಜಾಸ್ತಿ. ಡ್ರಿಲ್ ಅದಕ್ಕೆ ತಾಗಿದರೆ ಕೇಬಲ್ ಸಿಡಿದು ನೆಲ ಒಡೆದು ಹೊರಗೆ ಬರಬಹುದು, ಪ್ರಾಣಕ್ಕೇ ಅಪಾಯ. ಅಂಥ ಮನೆಗಳಲ್ಲಿ ಸಾಮಾನ್ಯವಾಗಿ ಗ್ಯಾರೇಜ್ ನೆಲದ ಮೇಲೆ, ಬಾಗಿಲ ಹತ್ತಿರ, ಕೊರೆಯಬೇಡಿ ಅಂತ ಮುದ್ರೆ ಒತ್ತಿರುತ್ತಾರೆ. ಮುದ್ರೆ ಕಾಣದಿದ್ದರೂ ಮನೆಯ ನಕ್ಷೆ ನೋಡಿ.

ರಿವೆಟ್ ರಾಯ

ಕೊರೆಯೋದೇ ಬೇಡ. ಕಾರಿನ ಡೆಂಟ್ ತುಂಬೋ ಬಾಂಡೊ ಪುಟ್ಟಿ ಇದೆಯಲ್ಲ, ಅದನ್ನ ಸ್ಟ್ಯಾಂಡಿನ ಪಾದದ ಸುತ್ತ ಮೆತ್ತಿ. ನೆಲಕ್ಕೆ ಕಚ್ಚಿಕೊಂಡು ಕೂರುತ್ತೆ. ಕೆಲಸ ಮುಗಿದ ಮೇಲೆ ಉಳಿ, ಸುತ್ತಿಗೆ ಹಿಡಿದು ನಾಲ್ಕು ಏಟು ಹಾಕಿದರೆ ಬಿಟ್ಟುಬರುತ್ತೆ. ಮೊದಲು ನೆಲದ ಎಣ್ಣೆ ಜಿಡ್ಡು ತೊಳೆದಿರಬೇಕು ಅಷ್ಟೇ.

ಗ್ಯಾರೇಜ್ ಮಂಜು

ಮುದ್ರೆ ಕಾಣಿಸಲಿಲ್ಲ, ಆದರೂ ಕೊರೆಯೋಲ್ಲ. ಬಾಂಡೊನೇ ಸರಿ. ಸ್ಟ್ಯಾಂಡ್ ಎತ್ತರಕ್ಕೆ ಹೆಂಡತಿಯನ್ನ ನಿಲ್ಲಿಸಿ ಗೋಡೆ ಮೇಲೆ ಗುರುತು ಹಾಕಿದೆ. ಬಾರ್ ಹಿಡಿಯೋಕೆ ಯಾವಾಗ ಒಪ್ಪಿಕೊಂಡೆ ಅಂತ ಕೇಳುತ್ತಿದ್ದಾಳೆ.